ಹಿಡಿಯೂ ರಾಶಿಯೂ

ಅನ್ನ ಬೆಂದಿತೇ ಇಲ್ಲವೇ ಎಂದು ನೋಡಲು ಒಂದು ಅಗುಳು ಸಾಕೆಂಬುದು ಹಿರಿಯರ ಮಾತು. ಮಾತು ದಿಟ, ಆದರೆ ಅದು ಅನ್ನದ ಮಟ್ಟಿಗೆ ದಿಟ. ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಸಾಲದುದಕ್ಕೆ ನಡುನಡುವೆ ಸೌಟಾಡಿಸಿದ ತಾಯಿಯ ಕೈ. ಆದುದರಿಂದ ಅಲ್ಲಿ ಒಂದು ಅಗುಳು ಉಳಿದೆಲ್ಲ ಅಗುಳುಗಳ ಪರವಾಗಿ ಸಾಕ್ಷಿ ಹೇಳಬಲ್ಲುದು. ಇದೇ ಗಾದೆಯನ್ನು ಅಡಿಗೆಮನೆಯಿಂದ ಪೇಟೆಗೆ ತಂದು ನೋಡಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅನುಭವವುಳ್ಳ ವ್ಯಾಪಾರಿ ಚೀಲದ ಬಾಯಲ್ಲಿ ಕಾಣುವ ಕಾಯಿಗಳನ್ನಷ್ಟೇ ನೋಡಿ ದರ ಹೇಳುವುದಿಲ್ಲ. ಮೊಳಕೈ ಮುಳುಗುವವರೆಗೆ ಚೀಲದೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಮುರಿದು, ಮೂಸಿ, ಆಮೇಲೆ ಮಾತಾಡುತ್ತಾನೆ. ಮೇಲಿನದೊಂದು, ತಳದ್ದೊಂದು ಇರಬಹುದೆಂಬ ಶಂಕೆ ಅವನಿಗೆ. ಆ ಒಂದು ಹಿಡಿಯ ಮೇಲೆ ರೈತನ ಒಂದು ವರ್ಷದ ದುಡಿಮೆ ನಿಂತಿರುತ್ತದೆ. ಹಿಡಿ ಸುಳ್ಳು ಹೇಳಿದರೆ ಕೊಟ್ಟವನಾದರೂ ಕೆಡುತ್ತಾನೆ, ಕೊಂಡವನಾದರೂ ಕೆಡುತ್ತಾನೆ.

ಚೀಲದ ಮಾತು ಹೀಗಾದರೆ ಗುಡ್ಡದ ಮಾತೇನು? ಗಂಟೆಗೆ ಸಾವಿರ ಟನ್ನಿನಂತೆ ಹರಿದುಬರುವ ಕಲ್ಲಿನ ಹೊಳೆಯೊಳಗೆ ಯಾರು ಕೈ ಇಳಿಸಿ ನೋಡಬೇಕು? ಕೈ ಇಳಿಸದೆ, ಕಲ್ಲನ್ನು ಒಡೆಯದೆ, ಹರಿವನ್ನು ನಿಲ್ಲಿಸದೆ, ರಾಶಿಯ ಒಳಗೇನಿದೆ ಎಂದು ತಿಳಿಯುವ ಒಂದು ಬಗೆಯನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದರ ಸಾಧನ ನ್ಯೂಟ್ರಾನ್ ಎಂಬ ಕಣ. ಕನ್ನಡ ಪಾಠ ಹೇಳುವವನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ತಮ್ಮ ತಲೆಯ ಮೇಲಿನ ಸಿಮೆಂಟಿನ ಛಾವಣಿಗೂ ಈ ಕಣಕ್ಕೂ ಸಂಬಂಧವುಂಟು. ಛಾವಣಿಯ ಕೆಳಗಿರುವವರೆಲ್ಲರಿಗೂ ಇದು ಬೇಕಾದ ವಿಷಯವೆಂದು ನಾನು ಬಗೆದಿದ್ದೇನೆ.

ಮೊದಲು ಸಿಮೆಂಟಿನ ಮಾತು. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಕಾಲಿಗೆ ತಂಪಾಗಿ ಹಾಸಿರುವ ಶಹಾಬಾದ ಫರಸಿಯನ್ನು ತಾವೆಲ್ಲ ಬಲ್ಲಿರಿ. ಅದು ಸುಣ್ಣದ ಕಲ್ಲು. ಭೀಮಾ ಮತ್ತು ಕಾಗಿಣಾ ನದಿಗಳ ಸೀಮೆಯಲ್ಲಿ, ಎಂದರೆ ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಸೇಡಂ ಕಡೆಗಳಲ್ಲಿ ಈ ಕಲ್ಲು ಪದರ ಪದರವಾಗಿ ಹಬ್ಬಿದೆ. ಕಲಾದಗಿ, ಬಾಗಲಕೋಟೆ, ಲೋಕಾಪುರಗಳ ಸುತ್ತಲೂ ಸುಣ್ಣದ ಕಲ್ಲುಂಟು. ಕಲ್ಲಿದ್ದೆಡೆಯಲ್ಲಿ ಸಿಮೆಂಟಿನ ಕಾರಖಾನೆಗಳೂ ಎದ್ದಿವೆ. ಕಾಗಿಣಾ ತೀರದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ ನಾಡು. ಕನ್ನಡಿಗರಿಗೆ ಕಾವ್ಯದ ಗುಣದೋಷಗಳನ್ನು ತಿಳಿಸಿಕೊಟ್ಟ ಆ ನೆಲದಲ್ಲಿ ಈಗ ಕಲ್ಲಿನ ಗುಣದೋಷಗಳನ್ನು ಅಳೆಯುತ್ತಾರೆ.

ಕಲ್ಲಿಗೆ ಗುಣವೇನು, ದೋಷವೇನು? ಸಿಮೆಂಟೆಂದರೆ ಸುಣ್ಣ, ಮರಳಿನ ಸತ್ವವಾದ ಸಿಲಿಕ, ಜೇಡಿಯ ಸತ್ವವಾದ ಅಲ್ಯೂಮಿನ ಮತ್ತು ಕಬ್ಬಿಣದ ಆಕ್ಸೈಡು, ಈ ನಾಲ್ಕು ಹದವಾಗಿ ಬೆರೆತು ಬೆಂದ ಪಾಕ. ಸುಣ್ಣದ ಕಲ್ಲಿಗೆ ಜೇಡಿಮಣ್ಣು, ಕಬ್ಬಿಣದ ಅದಿರು ಮುಂತಾದುವನ್ನು ಬೆರೆಸಿ ನುಣ್ಣಗೆ ಅರೆದು, ಸುತ್ತುವ ದೊಡ್ಡ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಸುಡುತ್ತಾರೆ. ಈ ಪಾಕದಲ್ಲಿ ಹದವೇ ಮುಖ್ಯ. ಸುಣ್ಣ ಕಡಿಮೆಯಾದರೆ ಸಿಮೆಂಟಿಗೆ ಬಲ ಬಾರದು. ಹೆಚ್ಚಾದರೆ ಯಾವುದರೊಡನೆಯೂ ಕೂಡಿಕೊಳ್ಳದ ಸುಣ್ಣ ಒಳಗೆ ಉಳಿದುಬಿಡುತ್ತದೆ. ಗಟ್ಟಿಯಾಗಿ ಸುಟ್ಟ ಆ ಸುಣ್ಣ ನೀರನ್ನು ಬಲು ನಿಧಾನವಾಗಿ ಕುಡಿಯುತ್ತದೆ. ಮನೆ ಕಟ್ಟಿ ಮುಗಿದು, ಗೃಹಪ್ರವೇಶವೂ ಆದ ಮೇಲೆ ಒಳಗೊಳಗೇ ಉಬ್ಬಿ ಗೋಡೆಯನ್ನು ಬಿರಿಸುತ್ತದೆ. ಕಟ್ಟುವ ದಿನ ಕಾಣದ ದೋಷ, ಬಾಳುವ ದಿನ ಕಾಣುತ್ತದೆ. ಆದಕಾರಣ ಹದವನ್ನು ಗೂಡಿಗೆ ಹೋಗುವ ಮೊದಲೇ ಸರಿಪಡಿಸಬೇಕು.

ಸರಿಪಡಿಸುವುದು ಎಂದೊಡನೆ ತೊಡಕು ಮೊದಲಾಗುತ್ತದೆ. ಗಣಿಯಲ್ಲಿ ಕಲ್ಲು ಒಂದೇ ಸಮನಾಗಿರುವುದಿಲ್ಲ. ಈ ಮೂಲೆಯಲ್ಲಿ ಸುಣ್ಣ ಹೆಚ್ಚು, ಆ ಮೂಲೆಯಲ್ಲಿ ಮಣ್ಣು ಹೆಚ್ಚು. ಮೇಲಿನ ಪದರ ಒಂದು ಬಗೆ, ಕೆಳಗಿನದು ಇನ್ನೊಂದು ಬಗೆ. ಇಲ್ಲಿ ಯಾವ ತಾಯಿಯೂ ಸೌಟಾಡಿಸಿಲ್ಲ. ಬಹುಕಾಲದಿಂದ ನಡೆದುಬಂದ ಕ್ರಮವೆಂದರೆ, ಹರಿವಿನಿಂದ ಆಗಾಗ ಮಾದರಿ ತೆಗೆದು, ಕುಟ್ಟಿ, ಅರೆದು, ಕಡೆಗೆ ಬಿಲ್ಲೆ ಮಾಡಿ, ಪ್ರಯೋಗಶಾಲೆಯಲ್ಲಿ ಕ್ಷಕಿರಣದಿಂದ ಪರೀಕ್ಷಿಸುವುದು. ಆ ಪರೀಕ್ಷೆ ಬಹು ನಿಷ್ಕೃಷ್ಟವಾದುದು, ಸಂದೇಹವಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಸಾವಿರ ಟನ್ನೆಂದರೆ ನೂರು ಕೋಟಿ ಗ್ರಾಂ. ಪರೀಕ್ಷೆಗೆ ಕೂರುವ ಬಿಲ್ಲೆ ಹತ್ತು ಗ್ರಾಂ ಎಂದಿಟ್ಟುಕೊಳ್ಳೋಣ. ಹತ್ತು ಕೋಟಿ ಪಾಲುಗಳಲ್ಲಿ ಒಂದು ಪಾಲು ಎದ್ದುನಿಂತು ಉಳಿದೆಲ್ಲರ ಪರವಾಗಿ ಮಾತಾಡಬೇಕು! ಅದರಲ್ಲಿಯೂ ಕ್ಷಕಿರಣ ಬಿಲ್ಲೆಯ ಮೈಯನ್ನು, ಕೂದಲೆಳೆಯ ದಪ್ಪದಷ್ಟು ಆಳವನ್ನು ಮಾತ್ರ ಕಾಣಬಲ್ಲುದು. ಇನ್ನು, ಫಲಿತಾಂಶ ಬರುವಷ್ಟರಲ್ಲಿ ಆ ಕಲ್ಲು ಎಷ್ಟೋ ಮುಂದೆ ಹೋಗಿರುತ್ತದೆ. ಹಬ್ಬ ಮುಗಿದ ಮೇಲೆ ಬಂದ ಆಮಂತ್ರಣದಂತೆ ಅದು ಓದಲಿಕ್ಕಷ್ಟೇ ಉಪಯೋಗ.

ಬೇಕಾಗಿದ್ದುದು ಏನು? ರಾಶಿಯ ಒಳಹೊಕ್ಕು ಹೊರಬರಬಲ್ಲ ಒಬ್ಬ ದೂತ. ಆ ದೂತನೇ ನ್ಯೂಟ್ರಾನ್. 1932ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಜೇಮ್ಸ್ ಚಾಡ್‌ವಿಕ್ ಅವರು ಇದರ ಇರವನ್ನು ತೋರಿಸಿಕೊಟ್ಟರು. 1935ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇದರ ಹೆಸರಿನಲ್ಲಿಯೇ ಇದರ ಗುಣವಡಗಿದೆ. ಸಂಸ್ಕೃತ ವ್ಯಾಕರಣದಲ್ಲಿ ಪುಲ್ಲಿಂಗವೂ ಅಲ್ಲದ ಸ್ತ್ರೀಲಿಂಗವೂ ಅಲ್ಲದ ಶಬ್ದವನ್ನು ನಪುಂಸಕಲಿಂಗವೆನ್ನುತ್ತೇವಷ್ಟೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ನ್ಯೂಟರ್’ ಎಂದು ಹೆಸರು. ‘ಎರಡರಲ್ಲಿ ಯಾವುದೂ ಅಲ್ಲ’ ಎಂದು ಅರ್ಥ. ಧನ ವಿದ್ಯುತ್ತೂ ಇಲ್ಲದ, ಋಣ ವಿದ್ಯುತ್ತೂ ಇಲ್ಲದ ಈ ಕಣಕ್ಕೆ ಅದೇ ಮೂಲದಿಂದ ನ್ಯೂಟ್ರಾನ್ ಎಂಬ ಹೆಸರು ಬಂತು. ಪರಮಾಣುವಿನ ನಡುವೆ ಧನ ವಿದ್ಯುತ್ತಿನ ಬೀಜವಿದೆ. ಧನ ವಿದ್ಯುತ್ತುಳ್ಳ ಕಣ ಹತ್ತಿರ ಬಂದರೆ ಅದು ನೂಕಿಬಿಡುತ್ತದೆ. ಎರಡು ಪಕ್ಷಕ್ಕೂ ಸೇರದ ನ್ಯೂಟ್ರಾನಿಗೆ ಈ ತಡೆಯಿಲ್ಲ. ಜಗಳವಾಡುವ ಎರಡು ಮನೆಗಳ ನಡುವೆ ಯಾರ ಕಡೆಯೂ ಅಲ್ಲದವನು ನಿರಾತಂಕವಾಗಿ ಓಡಾಡುವಂತೆ, ಅದು ಗೇಣು ದಪ್ಪದ ಕಲ್ಲಿನ ಹಾಸನ್ನು ಹೊಕ್ಕು ಬೀಜದ ಬಾಗಿಲಿಗೆ ಹೋಗುತ್ತದೆ.

ಹೋದರೂ ವೇಗ ಅತಿಯಾದರೆ ಬೀಜ ಅದನ್ನು ಹಿಡಿದುಕೊಳ್ಳುವುದು ಕಷ್ಟ. ವೇಗವನ್ನು ತಗ್ಗಿಸುವ ಉಪಾಯ 1934ರಲ್ಲಿ ರೋಮ್ ನಗರದಲ್ಲಿ ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರಿಗೆ ದೊರೆಯಿತು. ಅಮೃತಶಿಲೆಯ ಮೇಜಿನ ಮೇಲೆ ಮಾಡಿದ ಪ್ರಯೋಗಕ್ಕಿಂತ ಮರದ ಮೇಜಿನ ಮೇಲೆ ಮಾಡಿದ ಪ್ರಯೋಗದಲ್ಲಿ ಫಲ ಹೆಚ್ಚಾಗಿ ಕಂಡಿತು. ನಡುವೆ ಪ್ಯಾರಫಿನ್ ಮೇಣವಿಟ್ಟಾಗ ಇನ್ನೂ ಹೆಚ್ಚಿತು. ಕಾರಣವನ್ನು ನಮ್ಮ ಓಣಿಯ ಹುಡುಗರು ಗೋಲಿಯಾಟದಲ್ಲಿ ತೋರಿಸಬಲ್ಲರು. ಗೋಲಿ ಗೋಡೆಗೆ ಬಡಿದರೆ ಬಂದ ಬಿರುಸಿನಲ್ಲೇ ಹಿಂದಕ್ಕೆ ಪುಟಿಯುತ್ತದೆ. ತನ್ನಷ್ಟೇ ತೂಕದ ಇನ್ನೊಂದು ಗೋಲಿಗೆ ನೆಟ್ಟಗೆ ಬಡಿದರೆ ತನ್ನ ಬಿರುಸನ್ನು ಅದಕ್ಕೆ ಕೊಟ್ಟು ತಾನು ನಿಂತುಬಿಡುತ್ತದೆ. ನ್ಯೂಟ್ರಾನಿನ ಸರಿಜೋಡಿ ಹೈಡ್ರೊಜನ್ನಿನ ಬೀಜ. ತೂಕ ಹೆಚ್ಚುಕಡಿಮೆ ಒಂದೇ. ಮರ, ಮೇಣ, ನೀರು ಇವುಗಳಲ್ಲೆಲ್ಲ ಹೈಡ್ರೊಜನ್ ತುಂಬಿರುವುದರಿಂದ ನ್ಯೂಟ್ರಾನುಗಳು ಅಲ್ಲಿ ಬೇಗನೆ ಸಾಧುವಾಗುತ್ತವೆ.

ಸಾಧುವಾದ ನ್ಯೂಟ್ರಾನನ್ನು ಬೀಜವು ಒಳಗೆ ಸೇರಿಸಿಕೊಳ್ಳುತ್ತದೆ. ಹೀಗೆ ಸೇರಿಸಿಕೊಂಡೊಡನೆ ಬೀಜದಲ್ಲಿ ಶಕ್ತಿ ಮಿಕ್ಕುತ್ತದೆ. ಮಿಕ್ಕ ಶಕ್ತಿಯನ್ನು ಅದು ಕ್ಷಣದ ಕೋಟ್ಯಂಶಕ್ಕೂ ಕಡಿಮೆ ಹೊತ್ತಿನಲ್ಲಿ ಗಾಮಾ ಕಿರಣವಾಗಿ ಹೊರಕ್ಕೆ ಎಸೆಯುತ್ತದೆ. ಈ ವಿದ್ಯೆಯ ಜೀವಾಳ ಇಲ್ಲಿದೆ: ಒಂದೊಂದು ಮೂಲವಸ್ತು ಎಸೆಯುವ ಕಿರಣಗಳ ಶಕ್ತಿ ಒಂದೊಂದು ಬಗೆ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟನ್ನು ಒಂದು ಅಳತೆಯಾಗಿ ಹಿಡಿದರೆ, ಹೈಡ್ರೊಜನ್ನಿನ ಕಿರಣ 2.22, ಸಿಲಿಕಾನಿನ ಮುಖ್ಯ ಕಿರಣಗಳಲ್ಲೊಂದು 4.93, ಸುಣ್ಣದ ತಿರುಳಾದ ಕ್ಯಾಲ್ಸಿಯಮ್ಮಿನದು 6.42, ಕಬ್ಬಿಣದ್ದು 7.63, ಅಲ್ಯೂಮಿನಿಯಮ್ಮಿನದು 7.72. ಕಿರಣ ಬಂದುದು ರಾಶಿಯ ತಳದಿಂದಲೋ ನಡುವಿನಿಂದಲೋ ಮೇಲಿನಿಂದಲೋ, ಅದು ತನ್ನ ಕುಲದ ಹೆಸರನ್ನು ಹೇಳಿಯೇ ಹೊರಬೀಳುತ್ತದೆ.

ನಮ್ಮ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರಣಿಕವನ್ನು ಕೇಳಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುವುದು. ನವರಾತ್ರಿಯಲ್ಲಿ ಆಯುಧಪೂಜೆಯ ದಿನ ಮಾಲತೇಶನ ಸನ್ನಿಧಿಯಲ್ಲಿ ಜನ ಕಿಕ್ಕಿರಿದು ನೆರೆದಿರುತ್ತಾರೆ. ಡಮರು, ಕೂಗು, ಭಂಡಾರದ ಎರಚಾಟ. ಗೊರವಯ್ಯನವರು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಆ ಜನಸಾಗರ ಮೌನವಾಗುತ್ತದೆ. ಅನಂತರ ಬರುವುದು ಒಂದೇ ಒಂದು ಚಿಕ್ಕ ನುಡಿ. ಆ ನುಡಿಯಲ್ಲಿ ವರ್ಷದ ಮಳೆಬೆಳೆಯ ಸೂಚನೆಯನ್ನು ಜನ ಹುಡುಕುತ್ತಾರೆ. ನಂಬಿಕೆಯ ವಿಷಯ ನಂಬಿದವರಿಗೆ ಬಿಟ್ಟದ್ದು. ನಾನಿಲ್ಲಿ ತೆಗೆದುಕೊಳ್ಳುವುದು ಎರಡು ಸಂಗತಿಗಳನ್ನು ಮಾತ್ರ. ಚಿಕ್ಕ ನುಡಿಯನ್ನು ಕೇಳಬೇಕಾದರೆ ಗದ್ದಲ ಅಡಗಬೇಕು, ಇದು ಮೊದಲನೆಯದು. ಕೇಳಿದ ನುಡಿಗೆ ಅರ್ಥ ಹೇಳುವವರು ಬೇಕು, ಇದು ಎರಡನೆಯದು. ಕಾರಖಾನೆಯ ಗಾಮಾ ಕಿರಣಗಳಿಗೂ ಇವೆರಡೂ ಬೇಕು. ಕಾರಣಿಕಕ್ಕೆ ರೈತನೊಂದು ಅರ್ಥ, ವ್ಯಾಪಾರಿಯೊಂದು ಅರ್ಥ ಹೇಳಬಹುದು. ಕಿರಣದ ಶಕ್ತಿಗೆ ಹಾಗೆ ಬಗೆಬಗೆಯ ಅರ್ಥವಿಲ್ಲ, 6.42 ಎಂದು ಬಂದುದು ಕ್ಯಾಲ್ಸಿಯಮ್ಮಿನ ಗುರುತು. ಆದರೆ ಎಲ್ಲ ಮೂಲವಸ್ತುಗಳೂ ಒಟ್ಟಿಗೆ ಕೂಗುವ ಆ ಜಾತ್ರೆಯಲ್ಲಿ, ಕಬ್ಬಿಣ, ಅಲ್ಯೂಮಿನಿಯಮ್ಮುಗಳಂತೆ ಅಕ್ಕಪಕ್ಕದ ಶ್ರುತಿಯವರ ದನಿಗಳನ್ನು ಬೇರ್ಪಡಿಸಿ, ಯಾರ ದನಿ ಎಷ್ಟು ಎಂದು ಎಣಿಸುವುದು ಸಣ್ಣ ಕೆಲಸವಲ್ಲ.

ಈಗ ಉಪಕರಣವನ್ನು ನೋಡೋಣ. ಕಲ್ಲಿನ ಪುಡಿಜಲ್ಲಿಯನ್ನು ಹೊತ್ತು ರಬ್ಬರಿನ ಪಟ್ಟೆಯೊಂದು ಬಿಡುವಿಲ್ಲದೆ ಓಡುತ್ತಿರುತ್ತದೆ. ಅದರ ಹಾದಿಯಲ್ಲಿ ಒಂದು ಕಮಾನು. ಪಟ್ಟೆಯ ಕೆಳಗೆ ನ್ಯೂಟ್ರಾನುಗಳ ಆಕರ; ಮೇಲೆ ಗಾಮಾ ಕಿರಣಗಳನ್ನು ಹಿಡಿಯುವ ಕಣ್ಣುಗಳು. ಆಕರವಾಗಿ ಬಹುಮಟ್ಟಿಗೆ ಬಳಸುವುದು ಕ್ಯಾಲಿಫೋರ್ನಿಯಮ್-252 ಎಂಬ ವಸ್ತುವನ್ನು. ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಕ್ಯಾಲಿಫೋರ್ನಿಯಮ್ ಸೆಕೆಂಡಿಗೆ ಸುಮಾರು 23 ಲಕ್ಷ ನ್ಯೂಟ್ರಾನುಗಳನ್ನು ಚಿಮ್ಮುತ್ತದೆ. ಅಂಥ ಕೆಲವು ಪಾಲುಗಳಿದ್ದರೆ ಕೆಲಸ ನಡೆಯುತ್ತದೆ. ಇದನ್ನು ಹೆಚ್ಚಾಗಿ ತಯಾರಿಸುವ ಸ್ಥಳಗಳು ಪ್ರಪಂಚದಲ್ಲಿ ಎರಡೇ: ಅಮೆರಿಕದ ಓಕ್ ರಿಜ್, ರಷ್ಯದ ದಿಮಿತ್ರೋವ್‌ಗ್ರಾದ್. ಕಣ್ಣಾಗಿ ಸೋಡಿಯಂ ಅಯೊಡೈಡ್ ಮುಂತಾದ ಹರಳುಗಳಿರುತ್ತವೆ. ಕಿರಣ ತಾಗಿದಾಗ ಹರಳು ಮಿಣುಕುತ್ತದೆ. ಮಿಣುಕಿನ ಪ್ರಖರತೆಯಿಂದ ಕಿರಣದ ಶಕ್ತಿ ತಿಳಿಯುತ್ತದೆ. ಗಣಕಯಂತ್ರವು ಮಿಣುಕುಗಳನ್ನು ಎಣಿಸಿ, ವಿಂಗಡಿಸಿ, ಸುಣ್ಣವಿಷ್ಟು, ಸಿಲಿಕವಿಷ್ಟು ಎಂದು ನಿಮಿಷ ನಿಮಿಷಕ್ಕೂ ಹೇಳುತ್ತದೆ. ಸುಣ್ಣ ಇಳಿದಿದೆಯೆಂದರೆ ಒಳ್ಳೆಯ ಕಲ್ಲಿನ ಪಾಲನ್ನು ಆಗಲೇ ಹೆಚ್ಚಿಸಬಹುದು. ಏರಿದೆಯೆಂದರೆ ಮಣ್ಣುಗಲ್ಲಿನ ಪಾಲನ್ನು. ಸೌಟು ಕೈಗೆ ಬಂದಂತಾಯಿತು. ನಮ್ಮ ದೇಶದ ಅನೇಕ ದೊಡ್ಡ ಸಿಮೆಂಟು ಕಾರಖಾನೆಗಳಲ್ಲಿ ಇಂಥ ಉಪಕರಣಗಳು ಬಂದಿವೆ.

ಪಟ್ಟೆಯ ಮೇಲಿನ ಕಲ್ಲು ಈ ಕಮಾನನ್ನು ದಾಟಿದ ಮೇಲೆ ವಿಷವಾಗುವುದಿಲ್ಲವೇ, ಆ ಸಿಮೆಂಟಿನ ಮನೆಯಲ್ಲಿ ಮಕ್ಕಳು ಮಲಗಬಹುದೇ ಎಂದು ಯಾರಾದರೂ ತಾಯಂದಿರು ಕೇಳಿದರೆ ಆ ಪ್ರಶ್ನೆ ಯೋಗ್ಯವಾದುದೇ. ಉತ್ತರ ಇದು. ನ್ಯೂಟ್ರಾನ್ ಹೊಕ್ಕ ಬೀಜಗಳಲ್ಲಿ ಕೆಲವು ಅಲ್ಪಕಾಲ ವಿಕಿರಣವನ್ನು ಸೂಸುವುದುಂಟು. ಆದರೆ ಆ ಬೀಜಗಳ ಸಂಖ್ಯೆ ರಾಶಿಯ ಲೆಕ್ಕದಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಆಯುಷ್ಯವೂ ಬಹಳವಿಲ್ಲ. ಅಲ್ಯೂಮಿನಿಯಮ್ಮಿನಲ್ಲಿ ಹುಟ್ಟಿದ್ದು ಎರಡೂಕಾಲು ನಿಮಿಷಕ್ಕೆ ಅರ್ಧವಾಗುತ್ತದೆ, ಮತ್ತೆ ಎರಡೂಕಾಲು ನಿಮಿಷಕ್ಕೆ ಅದರರ್ಧ. ಕಲ್ಲು ಗೂಡು ಸೇರುವ ಮೊದಲೇ ಅದರ ಕಥೆ ಮುಗಿದಿರುತ್ತದೆ.

ಸಿಮೆಂಟಿಗೆ ಮಾತ್ರ ಈ ವಿದ್ಯೆ ಮೀಸಲಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲಿನಿಂದ ವಿದ್ಯುತ್ತು ತಯಾರಾಗುತ್ತಿದೆ. ಕಲ್ಲಿದ್ದಲು ರೈಲಿನಲ್ಲಿ ದೂರದಿಂದ ಬರತಕ್ಕದ್ದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಬೂದಿ ಇರುವುದುಂಟು. ಬೆಲೆ ನಿಲ್ಲುವುದು ಅದು ಕೊಡುವ ಉಷ್ಣದ ಮೇಲೆ. ಬೂದಿ ಎಷ್ಟೆಂದು ಒಂದು ಹಿಡಿ ಮಾದರಿಯಿಂದ ಹೇಳಹೊರಟರೆ ಮಾರುವವನಿಗೂ ಕೊಳ್ಳುವವನಿಗೂ ವ್ಯಾಜ್ಯ ತಪ್ಪದು. ಅದರ ಹೊರೆ ಕೊನೆಗೆ ದೀಪ ಹಚ್ಚುವ ನಮ್ಮ ಮೇಲೆ ಬೀಳುತ್ತದೆ. ಹರಿಯುವ ಕಲ್ಲಿದ್ದಲಿನ ಬೂದಿಯನ್ನೂ ಗಂಧಕವನ್ನೂ ನ್ಯೂಟ್ರಾನುಗಳಿಂದ ಅಳೆಯುವ ಕ್ರಮ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಕಬ್ಬಿಣ ಕರಗಿಸುವ ಊದುಕುಲುಮೆಗೆ ಹೋಗುವ ಕೋಕಿನಲ್ಲಿ ತೇವವೆಷ್ಟೆಂದು ತಿಳಿಯಲೂ ನ್ಯೂಟ್ರಾನು ಒದಗುತ್ತದೆ. ತೇವವೆಂದರೆ ನೀರು, ನೀರೆಂದರೆ ಹೈಡ್ರೊಜನ್. ಎಷ್ಟು ನ್ಯೂಟ್ರಾನುಗಳು ಸಾಧುವಾದುವೆಂದು ಎಣಿಸಿದರೆ ಎಷ್ಟು ನೀರಿದೆಯೆಂದು ಗೊತ್ತಾಗುತ್ತದೆ. ಇದೇ ಉಪಾಯದಿಂದ ಹೊಲದ ಮಣ್ಣಿನ ಆಳದ ತೇವವನ್ನು ಅಳೆಯುವ ಸಲಾಕೆಗಳು ಕೃಷಿ ಸಂಶೋಧನೆಯಲ್ಲಿ ಬಳಕೆಯಲ್ಲಿವೆ.

ಈ ವಿದ್ಯೆಯ ಬೇರು ಪ್ರಯೋಗಶಾಲೆಯಲ್ಲಿದೆ. 1936ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಜಾರ್ಜ್ ಹೆವೆಶಿ ಎಂಬುವರೂ ಹಿಲ್ಡೆ ಲೆವಿ ಎಂಬ ಯುವ ವಿಜ್ಞಾನಿಯೂ ನ್ಯೂಟ್ರಾನುಗಳಿಂದ ವಸ್ತುವನ್ನು ಪೃಥಕ್ಕರಿಸುವ ಕ್ರಮವನ್ನು ಮೊದಲಿಗೆ ತೋರಿಸಿದರು. ನಮ್ಮ ದೇಶದಲ್ಲಿ 1956ರ ಆಗಸ್ಟ್ 4ರಂದು ಮುಂಬಯಿಯ ತುರ್ಭೆಯಲ್ಲಿ ‘ಅಪ್ಸರಾ’ ಎಂಬ ಪರಮಾಣು ಸ್ಥಾವರ ಕೆಲಸಕ್ಕೆ ತೊಡಗಿದಾಗ ನ್ಯೂಟ್ರಾನುಗಳ ಹೊಳೆ ನಮ್ಮ ವಿಜ್ಞಾನಿಗಳ ಕೈಗೂ ಸಿಕ್ಕಿತು. ಆ ಕಾರ್ಯಕ್ಕೆ ಮುಂದಾಳಾಗಿದ್ದ ಹೋಮಿ ಭಾಭಾ ಅವರು ಅದಕ್ಕೂ ಮೊದಲು ಕೆಲವು ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುದನ್ನು ಕನ್ನಡಿಗರು ನೆನೆಯಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಈ ಯಂತ್ರವನ್ನು ತಂದಿಟ್ಟರೆ ಎಲ್ಲ ಸರಿಯಾಯಿತೆಂದು ಭಾವಿಸಬಾರದು. ತಕ್ಕಡಿಗೆ ಬಟ್ಟು ಸರಿಯಿರಬೇಕಾದಂತೆ ಇದಕ್ಕೂ ಬಟ್ಟುಗಳು ಬೇಕು. ಇಂತಿಷ್ಟು ಸುಣ್ಣ, ಇಂತಿಷ್ಟು ಸಿಲಿಕ ಇದೆಯೆಂದು ಮೊದಲೇ ಗೊತ್ತಿರುವ ಗಟ್ಟಿಗಳನ್ನು ಕಮಾನಿನಡಿ ಇಟ್ಟು ಇದರ ಮಾತನ್ನು ಒರೆಗೆ ಹಚ್ಚಬೇಕು. ಆ ಗಟ್ಟಿಗಳನ್ನು ಪರೀಕ್ಷಿಸುವುದು ಪ್ರಯೋಗಶಾಲೆಯ ಹಳೆಯ ಕ್ರಮವೇ. ಅಲ್ಲಿ ಕೈಯಿಂದ ಅರೆದು, ತೂಗಿ, ಅಳೆದು ಬರೆದಿಡುವವರ ಪ್ರಾಮಾಣಿಕತೆಯ ಮೇಲೆ ಈ ಹೊಸ ವಿದ್ಯೆ ನಿಂತಿದೆ. ಮಳೆಗಾಲದಲ್ಲಿ ಕಲ್ಲು ನೆನೆದರೆ ಎಣಿಕೆ ವ್ಯತ್ಯಾಸವಾಗುತ್ತದೆ; ಪಟ್ಟೆಯ ಮೇಲೆ ಕಲ್ಲು ತೆಳುವಾದರೆ ಮಾತು ಮಸುಕಾಗುತ್ತದೆ. ಕ್ಯಾಲಿಫೋರ್ನಿಯಮ್ ಕೂಡ ಸುಮಾರು 2.65 ವರ್ಷಕ್ಕೆ ಅರ್ಧ ಸವೆಯುತ್ತದೆ. ಆಗಾಗ ಹೊಸದನ್ನು ಸೇರಿಸಬೇಕು. ಬೇಕಾದಾಗ ಗುಂಡಿಯೊತ್ತಿ ಹಚ್ಚಿ, ಬೇಡವಾದಾಗ ಆರಿಸಬಹುದಾದ ನ್ಯೂಟ್ರಾನ್ ನಳಿಕೆಗಳನ್ನು ಕೆಲವೆಡೆ ಬಳಸುವುದಕ್ಕೆ ಇದೂ ಒಂದು ಕಾರಣ.

ಇವೆಲ್ಲಕ್ಕಿಂತ ದೊಡ್ಡದು ಎಚ್ಚರಿಕೆಯ ಮಾತು. ನ್ಯೂಟ್ರಾನು ಕಲ್ಲನ್ನು ಹೊಗುವಂತೆಯೇ ಮನುಷ್ಯನ ಮೈಯನ್ನೂ ಹೊಗುತ್ತದೆ. ಸೀಸದ ಗೋಡೆಗೆ ಅದು ಜಗ್ಗುವುದಿಲ್ಲ. ಹೈಡ್ರೊಜನ್ ತುಂಬಿದ ಪಾಲಿಥೀನ್, ಜೊತೆಗೆ ಬೋರಾನ್, ಇವುಗಳ ದಪ್ಪ ಕವಚವೇ ಬೇಕು. ಆದುದರಿಂದ ಇಂಥ ಆಕರವನ್ನು ತರಿಸಲು, ಇಡಲು, ಸವೆದ ಮೇಲೆ ಹಿಂದಿರುಗಿಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ಅನುಮತಿ ಬೇಕು. ಈ ಮಂಡಲಿಯನ್ನು 1983ರಲ್ಲಿ ಸ್ಥಾಪಿಸಲಾಯಿತು. ಕಾಯಿದೆ ಕಾಗದದ ಮೇಲಿದ್ದರೆ ಸಾಲದು. 2010ರ ಏಪ್ರಿಲ್‌ನಲ್ಲಿ ದಿಲ್ಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ, ಉಪಯೋಗವಿಲ್ಲವೆಂದು ಮಾರಿದ ಹಳೆಯ ಉಪಕರಣವೊಂದನ್ನು ಬಿಚ್ಚಿದರು. ಅದರೊಳಗೆ ಕೋಬಾಲ್ಟ್-60 ಇತ್ತು. ಅದು ನ್ಯೂಟ್ರಾನಿನ ಉಪಕರಣವಾಗಿರಲಿಲ್ಲ, ಗಾಮಾ ಕಿರಣದ್ದು. ಆದರೆ ಪಾಠ ಒಂದೇ. ಲೋಹದ ತುಂಡೆಂದು ಮುಟ್ಟಿದವರಲ್ಲಿ ಒಬ್ಬ ಕೆಲಸಗಾರ ಪ್ರಾಣ ಬಿಟ್ಟ. ಹಲವರು ಆಸ್ಪತ್ರೆ ಸೇರಿದರು. ಅವರಾರಿಗೂ ಅದೇನೆಂದು ಹೇಳಿದವರಿರಲಿಲ್ಲ. ತಿಳಿದವರ ಅಲಕ್ಷ್ಯಕ್ಕೆ ತಿಳಿಯದವರು ಬೆಲೆ ತೆತ್ತರು.

ಹಾಗಾದರೆ ಇಷ್ಟು ಜೋಪಾನದ ವಿದ್ಯೆಯನ್ನು ಏಕೆ ಸಾಕಬೇಕು? ಸುಣ್ಣದ ಕಲ್ಲು ಜೋಳದಂತೆ ವರ್ಷ ವರ್ಷ ಬೆಳೆಯುವ ಪೈರಲ್ಲ. ಹಿಂದೆ ಉತ್ತಮವಾದ ಕಲ್ಲನ್ನು ಆರಿಸಿಕೊಂಡು, ಮಧ್ಯಮವಾದುದನ್ನು ಗಣಿಯ ದಂಡೆಗೆ ಸುರಿಯುವುದು ಸುಲಭವಾಗಿತ್ತು. ರಾಶಿಯ ಒಳಗೇನಿದೆ ಎಂದು ನಿಮಿಷ ನಿಮಿಷಕ್ಕೂ ತಿಳಿಯುವುದಾದರೆ ಮಧ್ಯಮವನ್ನು ಉತ್ತಮದೊಡನೆ ಹದವಾಗಿ ಬೆರೆಸಿ ಬಳಸಬಹುದು. ಕಲ್ಲು ಉಳಿಯುತ್ತದೆ, ಹದಗೆಟ್ಟ ಪಾಕವನ್ನು ಸುಡಲು ವ್ಯರ್ಥವಾಗುವ ಇಂಧನ ಉಳಿಯುತ್ತದೆ, ಗೂಡಿನ ಹೊಗೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮೊಮ್ಮಕ್ಕಳೂ ಮನೆ ಕಟ್ಟಬೇಕಷ್ಟೆ. ಅವರ ಪಾಲಿನ ಕಲ್ಲನ್ನು ನಾವು ದಂಡೆಗೆ ಚೆಲ್ಲಬಾರದು.

ಓದುಗರಲ್ಲಿ ಕೊನೆಯದಾಗಿ ಒಂದು ವಿನಂತಿ. ಹಳದಿಯ ಮೇಲೆ ನಡುವೆ ಒಂದು ಚುಕ್ಕೆ, ಅದರ ಸುತ್ತ ಫಂಕೆಯ ರೆಕ್ಕೆಗಳಂತೆ ಮೂರು ಎಸಳು. ಇದು ವಿಕಿರಣವಿದೆಯೆಂದು ಸಾರುವ ಗುರುತು. ಇದನ್ನು ತಮ್ಮ ಮಕ್ಕಳಿಗೆ ಒಂದು ಹಾಳೆಯ ಮೇಲೆ ಬರೆದು ತೋರಿಸಿರಿ. ಗುಜರಿಯಲ್ಲಾಗಲಿ, ರಸ್ತೆಯ ಬದಿಯಲ್ಲಾಗಲಿ, ಪಾಳುಬಿದ್ದ ಕಟ್ಟಡದಲ್ಲಾಗಲಿ ಈ ಗುರುತಿನ ಪೆಟ್ಟಿಗೆಯೋ ಡಬ್ಬಿಯೋ ಕಂಡರೆ ಮುಟ್ಟದೆ, ದೂರ ಸರಿದು, ಪೊಲೀಸರಿಗೆ ತಿಳಿಸಬೇಕೆಂದು ಹೇಳಿರಿ. ಅಕ್ಷರ ಕಲಿಯದ ಮಗುವೂ ಓದಬಲ್ಲ ಗುರುತು ಇದು.